ಹತ್ತು ಪರ್ಸೆಂಟ್ ಅಂದರೆ ಯಾವುದರ ಹತ್ತು?

ಅಂಗಡಿ ಮಾರಿಸಿಕೊಡುವ ಏಜೆಂಟ್ ಬಂದಾಗ ಕೂರಿಸಿದ್ದು ನಮ್ಮ ಅಡುಗೆಮನೆಯಲ್ಲಿ. ಕೆಳಗೆ ಅಂಗಡಿಯಲ್ಲಿ ಕುರ್ಚಿ ಹಾಕಲು ಜಾಗ ಇರಲಿಲ್ಲ. ಇದ್ದಿದ್ದರೂ ಗಿರಾಕಿಗಳ ಮುಂದೆ ಅಂಗಡಿ ಮಾರುವ ಮಾತು ಆಡುವ ಹಾಗಿರಲಿಲ್ಲ. 2022ರ ಫೆಬ್ರವರಿ ಅದು. ಎದುರು ಮನೆಗಳ ಸಂದಿಯಲ್ಲಿ ಮೋರ್ಕಂಬ್ ಕೊಲ್ಲಿ ಒಂದು ಚೂರು ಕಾಣುತ್ತಿತ್ತು. ನೀರು ಇಳಿದು ಬರೀ ಕೆಸರು ಮಿನುಗುತ್ತಿತ್ತು. ಆತ ಫಿಲ್ಟರ್ ಕಾಫಿ ಕುಡಿದು 'ಲವ್ಲಿ' ಅಂದ. ಕಿಟಕಿ ಕಡೆ ಕೈ ತೋರಿಸಿ, ಈ ನೋಟಕ್ಕೇ ಐದು ಸಾವಿರ ಪೌಂಡ್ ಜಾಸ್ತಿ ಬರುತ್ತೆ ಅಂದ. ನಮ್ಮವರು ಅಷ್ಟಕ್ಕೇ ಕರಗಿಹೋದರು.

ನಾವು ಸಾಗರದ ಕಡೆಯವರು. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಈ ಊರಿಗೆ ಬಂದು ಅಂಗಡಿ ಹಿಡಿದಿದ್ದು 2009ರಲ್ಲಿ. ಪೇಪರ್, ಹಾಲು, ಬ್ರೆಡ್, ಸಿಗರೇಟು, ಲಾಟರಿ, ಬಿಯರು, ಗ್ರೀಟಿಂಗ್ ಕಾರ್ಡು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಸೀದಾ ನಮ್ಮ ಹಾಲ್. ಬೆಳಗ್ಗೆ ನಾಲ್ಕೂವರೆಗೆ ಬಾಗಿಲ ಮುಂದೆ ಪೇಪರ್ ಕಟ್ಟು ಬಿದ್ದ ಸದ್ದು ಕೇಳಿದರೆ ಅದೇ ಅಲಾರಂ. 13 ವರ್ಷ ಆ ಸದ್ದಿಗೆ ಎದ್ದಿದ್ದೇವೆ. ಮಗ ಲೀಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ನಮ್ಮವರ ಮಂಡಿನೋವು ಜಾಸ್ತಿಯಾದ ಮೇಲೆ, ಸಾಕು ಅನ್ನಿಸಿತು.

ಮಾರಲು ನಮ್ಮ ಹತ್ತಿರ ಇದ್ದದ್ದು ಅಂಗಡಿಯ ಲೀಸ್. ಲೀಸ್ ಅಂದ ತಕ್ಷಣ ನಮ್ಮ ಜನ ಬೆಂಗಳೂರಿನ ಲೀಸ್ ನೆನಪಿಸಿಕೊಳ್ಳುತ್ತಾರೆ. ಒಂದು ಗಂಟು ದುಡ್ಡು ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರೋದು. ಇದು ಅದಲ್ಲ. ಕಟ್ಟಡ ಇನ್ನೊಬ್ಬರದು. ನಮಗೆ ಇದ್ದದ್ದು 20 ವರ್ಷ ಅಲ್ಲಿ ವ್ಯಾಪಾರ ಮಾಡುವ ಹಕ್ಕು, ವರ್ಷಕ್ಕೆ 12,500 ಪೌಂಡ್ ಬಾಡಿಗೆ, ಜೊತೆಗೆ ಸೂರಿನ ಹಂಚಿನಿಂದ ಚರಂಡಿಯವರೆಗೆ ಎಲ್ಲ ದುರಸ್ತಿ ನಮ್ಮದೇ. ಮಾರುವಾಗ ನಾವು ಮಾರುವುದು ಉಳಿದ ವರ್ಷಗಳನ್ನು, ಅಂಗಡಿಯ ಹೆಸರನ್ನು, ಫ್ರಿಜ್ಜು ಕಪಾಟುಗಳನ್ನು. ನಮ್ಮೂರ ಪೇಟೆಯಲ್ಲಿ ಅಂಗಡಿ ಬಿಟ್ಟುಕೊಡುವಾಗ ಗುಡ್‌ವಿಲ್ ಅಂತ ಒಂದು ಮೊತ್ತ ಕೇಳುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಅಂಗಡಿಯಲ್ಲಿರುವ ಮಾಲಿನ ಲೆಕ್ಕ ಮಾತ್ರ ಬೇರೆ. ಅದನ್ನು ಕೊನೆಯ ದಿನ ಎಣಿಸಿ ಅಸಲು ಬೆಲೆಗೆ ಕೊಳ್ಳುವವರು ದುಡ್ಡು ಕೊಡಬೇಕು.

2009ರಲ್ಲಿ ನಾವು ಕೊಂಡವರು. ಏಜೆಂಟ್ ಫೀ ಕೊಡುವುದು ಮಾರುವವರು. ಹಾಗಾಗಿ ಅದು ಎಷ್ಟು, ಹೇಗೆ ಅನ್ನುವ ಗಂಧಗಾಳಿಯೂ ನಮಗೆ ಇರಲಿಲ್ಲ.

ಈ ಏಜೆಂಟ್ ತಾನಾಗೇ ಬಂದವನು. ಲೆಟರ್‌ಬಾಕ್ಸಿನಲ್ಲಿ ಒಂದು ಪತ್ರ ಬಿದ್ದಿತ್ತು, 'ನಿಮ್ಮ ಏರಿಯಾದಲ್ಲಿ ಅಂಗಡಿ ಬೇಕು ಅನ್ನುವ ಗಿರಾಕಿಗಳು ನಮ್ಮ ಹತ್ತಿರ ಇದ್ದಾರೆ' ಅಂತ. ಆಮೇಲೆ ಗೊತ್ತಾಯಿತು, ಅದೇ ಪತ್ರ ನಮ್ಮ ಬೀದಿಯ ಚಿಪ್ಸ್ ಅಂಗಡಿಗೂ ಕ್ಷೌರದಂಗಡಿಗೂ ಬಂದಿತ್ತು.

ಆತ ಹೇಳಿದ ಬೆಲೆ 95,000 ಪೌಂಡ್. ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಅರವತ್ತರ ಆಸುಪಾಸು. ಅವನು ಕೊಟ್ಟ ಕಾರಣ ಈಡನ್ ಪ್ರಾಜೆಕ್ಟ್. ಕಾರ್ನ್‌ವಾಲ್‌ನಲ್ಲಿ ದೊಡ್ಡ ದೊಡ್ಡ ಗುಳ್ಳೆಯಂಥ ಗುಮ್ಮಟಗಳೊಳಗೆ ಕಾಡು ಬೆಳೆಸಿದ್ದಾರಲ್ಲ, ಅವರೇ ಮೋರ್ಕಂಬ್‌ನಲ್ಲೂ ಒಂದು ಕಟ್ಟುವ ಯೋಜನೆ ಹಾಕಿದ್ದರು. ಹಿಂದಿನ ತಿಂಗಳ ಕೊನೆಯಲ್ಲಿ ತಾನೇ ಕೌನ್ಸಿಲ್ ಅದಕ್ಕೆ ಅನುಮತಿ ಕೊಟ್ಟಿತ್ತು. 'ಲಕ್ಷಗಟ್ಟಲೆ ಜನ ಬರ್ತಾರೆ' ಅಂದ. ಬರಲಿ, ಆದರೆ ನಮ್ಮ ಅಂಗಡಿ ಇರೋದು ಸಮುದ್ರದಂಡೆಯಿಂದ ನಾಲ್ಕು ಬೀದಿ ಹಿಂದೆ ಅಂತ ನನಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ದೊಡ್ಡ ಬೆಲೆ ಕೇಳಿದಾಗ ಬಾಯಿ ತಾನಾಗೇ ಮುಚ್ಚಿಕೊಳ್ಳುತ್ತದೆ.

ಫೀ ಹತ್ತು ಪರ್ಸೆಂಟ್. ಅದರ ಮೊದಲು ಫೋಟೋ, ಬ್ರೋಷರ್, ವೆಬ್‌ಸೈಟಿಗೆ ಅಂತ 750 ಪೌಂಡ್, ಅದರ ಮೇಲೆ 20 ಪರ್ಸೆಂಟ್ ವ್ಯಾಟ್, ಒಟ್ಟು 900. 'ಇದು ನೀವು ಸೀರಿಯಸ್ ಅಂತ ತೋರಿಸೋಕೆ ಅಷ್ಟೇ' ಅಂದ. ನಮ್ಮವರು ಅಡುಗೆಮನೆ ಟೇಬಲ್ಲಿನ ಮೇಲೇ ಸಹಿ ಹಾಕಿದರು. ಅಷ್ಟರಲ್ಲಿ ನಾನು ಕೆಳಗೆ ಗಲ್ಲಾ ನೋಡಿಕೊಳ್ಳಲು ಹೋಗಿದ್ದೆ. ಮೇಲೆ ಬರುವ ಹೊತ್ತಿಗೆ ಆತ ಕಾಫಿ ಲೋಟ ತೊಳೆಯುವ ಜಾಗದಲ್ಲಿಟ್ಟು ಹೊರಟಿದ್ದ. ಮನುಷ್ಯ ಶಿಸ್ತಿನವನು, ಅದರಲ್ಲಿ ಅನುಮಾನ ಇಲ್ಲ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆ ಆರು ಪುಟ ಓದಿದೆ. ಎರಡನೇ ಪುಟದಲ್ಲಿ ಫೀ ಅಂದರೆ 'ಒಟ್ಟು ಮಾರಾಟ ಬೆಲೆಯ' ಹತ್ತು ಪರ್ಸೆಂಟ್, ಕನಿಷ್ಠ 6,000 ಪೌಂಡ್ ಅಂತಿತ್ತು. ಒಟ್ಟು ಬೆಲೆ ಅಂದರೆ ಏನು ಅಂತ ನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಲೀಸು, ಗುಡ್‌ವಿಲ್, ಸಾಮಾನು, ಮತ್ತು ಮಾಲು.

"ರೀ, ಇಲ್ಲಿ ನೋಡಿ. ಬೀನ್ಸ್ ಡಬ್ಬಿ ಮೇಲೂ ಇವನಿಗೆ ಹತ್ತು ಪರ್ಸೆಂಟ್ ಅಂತೆ."

"ಅದು ಎಲ್ಲ ಕಡೆ ಹಂಗೇ ಇರ್ತದೆ ಮಾರಾಯ್ತಿ, ಮಲಗು."

ನಮ್ಮ ಮಾಲು ಯಾವತ್ತೂ ಹದಿನಾಲ್ಕು ಹದಿನೈದು ಸಾವಿರ ಪೌಂಡಿನದು. ಅಸಲಿಗೆ ಕೊಂಡದ್ದನ್ನು ಅಸಲಿಗೇ ಕೊಡುವುದು, ಅದರಲ್ಲಿ ನಮಗೆ ಒಂದು ಪೆನ್ನಿ ಲಾಭ ಇಲ್ಲ. ಅದರ ಮೇಲೆ ಕಮಿಷನ್ ಅಂದರೆ ಕೈಯಿಂದ ಕೊಟ್ಟ ಹಾಗೆ. ನನ್ನ ಅಪ್ಪ ಸಾಗರದ ಮಂಡಿಗೆ ಅಡಿಕೆ ಹಾಕುತ್ತಿದ್ದರು. ದಲ್ಲಾಳಿಯನ್ನು ಬೈಯುತ್ತಲೇ ಇರುತ್ತಿದ್ದರು, ಆದರೂ ಒಂದು ಮಾತು ಹೇಳುತ್ತಿದ್ದರು: ಅವನು ತೂಕ ಆದ ಮೇಲೆ ದುಡ್ಡು ಹಿಡಿಯುತ್ತಾನೆ, ಅಡಿಕೆ ಮರದಲ್ಲಿರುವಾಗ ಅಲ್ಲ, ಚೀಲಕ್ಕಂತೂ ಹಿಡಿಯೋದಿಲ್ಲ. ಇಲ್ಲಿ ಮರದಲ್ಲಿರುವಾಗ 900 ಹೋಯಿತು, ಚೀಲಕ್ಕೂ ಲೆಕ್ಕ ಹಾಕಿಟ್ಟಿದ್ದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಸಾಲು. ಸೋಲ್ ಸೆಲ್ಲಿಂಗ್ ರೈಟ್ಸ್, 52 ವಾರ. ಇದರ ಪಕ್ಕದಲ್ಲೇ ಸೋಲ್ ಏಜೆನ್ಸಿ ಅಂತ ಇನ್ನೊಂದು ಇದೆ. ಕೇಳೋಕೆ ಎರಡೂ ಒಂದೇ ಥರ. ಸೋಲ್ ಏಜೆನ್ಸಿ ಅಂದರೆ ಬೇರೆ ಏಜೆಂಟ್‌ನ್ನು ಇಟ್ಟುಕೊಳ್ಳಬಾರದು, ಆದರೆ ನೀವೇ ಗಿರಾಕಿ ಹುಡುಕಿ ಮಾರಿದರೆ ಫೀ ಇಲ್ಲ. ಸೋಲ್ ಸೆಲ್ಲಿಂಗ್ ರೈಟ್ಸ್ ಅಂದರೆ ನಿಮ್ಮ ತಮ್ಮನಿಗೇ ಮಾರಿದರೂ ಏಜೆಂಟ್‌ಗೆ ಫೀ. ಅವಧಿ ಮುಗಿದ ಮೇಲೆ ಮಾರಿದರೂ, ಆ ಅವಧಿಯಲ್ಲಿ ಪರಿಚಯವಾದ ಗಿರಾಕಿ ಆಗಿದ್ದರೆ ಫೀ. ಈ ಶಬ್ದಗಳಿಗೆ ಏನು ಅರ್ಥ ಅನ್ನುವುದನ್ನು ಇಂಗ್ಲೆಂಡಿನಲ್ಲಿ 1991ರ ಒಂದು ನಿಯಮದಲ್ಲೇ ಬರೆದಿಟ್ಟಿದ್ದಾರೆ, ಏಜೆಂಟ್ ಅದನ್ನು ಲಿಖಿತವಾಗಿ ಕೊಡಬೇಕು. ಕೊಟ್ಟಿದ್ದರು. ಇರುವೆ ಸಾಲಿನಲ್ಲಿ.

ಮಾರನೇ ದಿನ ಫೋನ್ ಮಾಡಿ ರದ್ದು ಮಾಡಿ ಅಂದೆ. ರದ್ದು ಮಾಡಿದರೆ, ಹಿಂದೆ ಸರಿದಿದ್ದಕ್ಕೆ ಅಂತ ನಾವು 1,500 ಪೌಂಡ್ ಫೀ ಕಟ್ಟಬೇಕು ಅಂದರು. ಮನೆಗೆ ಬಂದು ಸಹಿ ಹಾಕಿಸಿಕೊಂಡರೆ 14 ದಿನದೊಳಗೆ ಬಿಡಬಹುದು ಅಂತ ಎಲ್ಲೋ ಓದಿದ್ದೆ. ಲಾಯರ್ ಹತ್ತಿರ ಕೇಳಿದರೆ, ಅದು ಸಾಮಾನ್ಯ ಗ್ರಾಹಕರಿಗೆ, ನೀವು ವ್ಯಾಪಾರ ಮಾರುವವರು, ನಿಮಗೆ ಅದು ಸಿಗಲ್ಲ ಅಂದರು. ಮೇಲೆ ನಾವು ವಾಸ ಮಾಡುವ ಮನೆ ಇದ್ದರೂ ಅಷ್ಟೇ. ಮನೆ ಅಂತ ಫೋಟೋದಲ್ಲಿ ತೋರಿಸುತ್ತಾರೆ, ಕಾಗದದಲ್ಲಿ ವ್ಯಾಪಾರ.

ಆ ಒಂದು ವರ್ಷದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬ್ರೋಷರಿನಲ್ಲಿ ನಮ್ಮ ಮನೆಗೆ ಮೂರು ಬೆಡ್‌ರೂಮ್ ಬಂದಿತ್ತು. ಮೂರನೆಯದು ಚಿಪ್ಸ್ ಪ್ಯಾಕೆಟ್ಟು ತುಂಬಿಡುವ ಕೋಣೆ, ಅದಕ್ಕೆ ಕಿಟಕಿಯೇ ಇಲ್ಲ. ಮೊದಲ ಮೂರು ತಿಂಗಳು ಒಂದು ಫೋನೂ ಬರಲಿಲ್ಲ. ಆಮೇಲೆ ಒಂದು ವಾರ ಇದ್ದಕ್ಕಿದ್ದ ಹಾಗೆ ಫೋನೋ ಫೋನು. ನಮ್ಮವರಿಗೆ ಖುಷಿಯೋ ಖುಷಿ. ಶನಿವಾರ ಬ್ರಾಡ್‌ಫರ್ಡ್‌ನಿಂದ ಒಂದು ಕುಟುಂಬ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬಂತು. ಗಂಡ, ಹೆಂಡತಿ, ಅಜ್ಜಿ, ಮೂರು ಮಕ್ಕಳು. ಅಜ್ಜಿ ಮೆಟ್ಟಿಲು ಹತ್ತಿ ಅಡುಗೆಮನೆ ನೋಡಿ ತಲೆದೂಗಿದರು. ಆತ ಗೋಡೆ ತಟ್ಟಿ ನೋಡಿ, "95 ಸಾವಿರಕ್ಕೆ ಕಟ್ಟಡ ಸಮೇತ, ಅಲ್ವಾ?" ಅಂದ.

ವೆಬ್‌ಸೈಟಿನಲ್ಲಿ ಲೀಸ್‌ಹೋಲ್ಡ್ ಬದಲು ಫ್ರೀಹೋಲ್ಡ್ ಅಂತ ಹಾಕಿದ್ದರು. ಕಟ್ಟಡ ಸಮೇತ ಆ ಬೆಲೆಗೆ ಸಿಗುತ್ತೆ ಅಂದರೆ ನಾನೇ ಬ್ರಾಡ್‌ಫರ್ಡ್‌ನಿಂದ ಬರುತ್ತಿದ್ದೆ. ಮಕ್ಕಳಿಗೆ ಒಂದೊಂದು ಐಸ್‌ಕ್ರೀಮ್ ಕೊಟ್ಟು ಕಳಿಸಿದೆವು. ಅಜ್ಜಿಗೆ ಹೇಗೆ ಹೇಳಿದರೋ ಗೊತ್ತಿಲ್ಲ, ಕಾರಿನ ಕಿಟಕಿಯಿಂದ ನಮ್ಮನ್ನೇ ನೋಡುತ್ತಾ ಹೋದರು.

ಎಂಟನೇ ತಿಂಗಳಲ್ಲಿ, ಅಂಗಡಿಗೆ ಮಾಲು ತರುವ ಕ್ಯಾಶ್ ಅಂಡ್ ಕ್ಯಾರಿ ಸಗಟು ಮಳಿಗೆಯಲ್ಲಿ ಸಿಗುವ ಗುಜರಾತಿ ಸ್ನೇಹಿತರೊಬ್ಬರು ತಮ್ಮ ಸಂಬಂಧಿಯೊಬ್ಬರನ್ನು ಕರೆದುಕೊಂಡು ಬಂದರು. 55,000ಕ್ಕೆ ಮಾತಾಯಿತು. ಏಜೆಂಟ್‌ಗೆ ಫೋನ್ ಮಾಡಿ, ಇದು ನಾವೇ ಹುಡುಕಿದ ಗಿರಾಕಿ, ಅರ್ಧ ಫೀ ತಗೊಳ್ಳಿ ಅಂದೆ. ಪೂರ್ತಿ ಅಂದರು. ಕಾದು ಅವಧಿ ಮುಗಿದ ಮೇಲೆ ಮಾರೋಣ ಅಂದರು ನಮ್ಮವರು. ಅದೂ ಆಗುವ ಹಾಗಿರಲಿಲ್ಲ, ಆತ ಪರಿಚಯವಾಗಿದ್ದು ಅವಧಿಯ ಒಳಗೆ. ನಾಲ್ಕನೇ ಪುಟ ಓದಿಸಿದ ಮೇಲೆ ನಮ್ಮವರು ಮೊದಲ ಸಲ ಪೂರ್ತಿ ಒಪ್ಪಂದ ಓದಿದರು. ಕೊನೆಗೆ ಆ ಗಿರಾಕಿಯೇ ಹಿಂದೆ ಸರಿದ. ಲೀಸ್ 2029ಕ್ಕೆ ಮುಗಿಯುತ್ತೆ, ಬ್ಯಾಂಕ್ ಸಾಲ ಕೊಡಲ್ಲ ಅಂತಂತೆ.

2023ರ ಜನವರಿಯಲ್ಲಿ ಸರ್ಕಾರ ಈಡನ್‌ಗೆ 5 ಕೋಟಿ ಪೌಂಡ್ ಘೋಷಿಸಿತು. ವರ್ಷದಲ್ಲಿ ಮೊದಲ ಬಾರಿ ಏಜೆಂಟ್ ತಾನೇ ಫೋನ್ ಮಾಡಿದ, ಈಗ ಬೆಲೆ ಇಳಿಸಬೇಡಿ ಅಂತ.

52 ವಾರ ಮುಗಿದರೆ ಒಪ್ಪಂದ ತಾನಾಗಿ ಮುಗಿಯುವುದಿಲ್ಲ. 28 ದಿನದ ನೋಟಿಸು ಬರವಣಿಗೆಯಲ್ಲಿ ಕೊಡಬೇಕು, ಇಲ್ಲದಿದ್ದರೆ ಅದು ಹಾಗೇ ಎಳೆದುಕೊಂಡು ಹೋಗುತ್ತದೆ. ನಾನು ಕ್ಯಾಲೆಂಡರಿನಲ್ಲಿ, ಗಣಪತಿ ಚಿತ್ರದ ಕೆಳಗೆ, ಆ ದಿನಕ್ಕೆ ಕೆಂಪು ಗುರುತು ಹಾಕಿಟ್ಟಿದ್ದೆ. ಪೋಸ್ಟ್ ಆಫೀಸಿಗೆ ಹೋಗಿ ಸಹಿ ಪಡೆದು ತಲುಪಿಸುವ ಅಂಚೆಯಲ್ಲಿ ಕಳಿಸಿದೆ. ರಸೀದಿ ಇವತ್ತಿಗೂ ಇದೆ.

ಎರಡನೇ ಏಜೆಂಟ್ ಲ್ಯಾಂಕಾಸ್ಟರ್‌ನ ಒಬ್ಬ ಹೆಂಗಸು. ಒಂದು ಕೋಣೆಯ ಆಫೀಸು, ಒಂದು ನಾಯಿ. ಅಂಗಡಿಗೆ ಬಂದವರು ಕಿಟಕಿ ನೋಡಲಿಲ್ಲ, ಮೊದಲು ಲೀಸ್ ಕೇಳಿದರು, ಆಮೇಲೆ ಮೂರು ವರ್ಷದ ಲೆಕ್ಕಪತ್ರ. ಲೀಸ್ ಓದುತ್ತಾ ಒಂದು ಕಡೆ ಬೆರಳಿಟ್ಟು, "ಇದು 1954ರ ಕಾಯ್ದೆಯ ರಕ್ಷಣೆ ಇರುವ ಲೀಸು, ಇದನ್ನು ಯಾಕೆ ಬ್ರೋಷರಿನಲ್ಲಿ ಹಾಕಿರಲಿಲ್ಲ?" ಅಂದರು. ಲೀಸ್ ಮುಗಿದರೂ ಬಾಡಿಗೆದಾರ ಹೊಸ ಲೀಸ್ ಕೇಳುವ ಹಕ್ಕು ಆ ಕಾಯ್ದೆಯಲ್ಲಿದೆ. ಮಾಲೀಕ ಬೇಡ ಅನ್ನಬೇಕಾದರೆ ಕಾಯ್ದೆಯಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನಾದರೂ ತೋರಿಸಬೇಕು. ಆರು ವರ್ಷ ಉಳಿದಿದೆ ಅಂತ ಓಡಿಹೋದವರಿಗೆಲ್ಲ ಇದನ್ನು ಹೇಳಬೇಕಿತ್ತು. ಗುಜರಾತಿ ಸ್ನೇಹಿತರ ಸಂಬಂಧಿಯ ಬ್ಯಾಂಕಿಗೂ ಹೇಳಬೇಕಿತ್ತು. ನಮಗೇ ಗೊತ್ತಿರಲಿಲ್ಲ.

ಅವರು ಹೇಳಿದ ಬೆಲೆ 58,000. ನಮ್ಮವರ ಮುಖ ಸಪ್ಪಗಾಯಿತು. ಆಕೆ ಕಂಡೂ ಕಾಣದ ಹಾಗೆ ಇದ್ದುಬಿಟ್ಟರು.

ಈ ಸಲ ಟೇಬಲ್ಲಿನ ಮೇಲೆ ಸಹಿ ಇಲ್ಲ. ಕಾಗದ ಇಟ್ಟು ಹೋಗಿ ಅಂದೆ. ಪೆನ್ಸಿಲ್ ಹಿಡಿದು ಕೂತೆ. ಸೋಲ್ ಏಜೆನ್ಸಿ, 16 ವಾರ, ಮುಂಗಡ ಏನೂ ಇಲ್ಲ, 5 ಪರ್ಸೆಂಟ್. ಒಳ್ಳೆಯದೇ. ಆದರೆ ಕನಿಷ್ಠ ಫೀ 4,500 ಅಂತಿತ್ತು. 58,000ದ 5 ಪರ್ಸೆಂಟ್ ಅಂದರೆ 2,900. ಅಂದರೆ ಪರ್ಸೆಂಟ್ ಬರೀ ಅಲಂಕಾರಕ್ಕೆ, ನಿಜವಾದ ಫೀ ಆ ಕನಿಷ್ಠವೇ. ನಮ್ಮಂಥ ಸಣ್ಣ ಅಂಗಡಿಗಳಲ್ಲಿ ಹೀಗೂ ಆಗುತ್ತದೆ. ಐದೋ ಹತ್ತೋ ಅಂತ ಜನ ಚೌಕಾಸಿ ಮಾಡುತ್ತಾ ಕೂರುತ್ತಾರೆ, ಕನಿಷ್ಠದ ಕಡೆ ಕಣ್ಣೇ ಹಾಯಿಸೋದಿಲ್ಲ. ನಾನು ಪರ್ಸೆಂಟಿನ ಮಾತೇ ಎತ್ತದೆ ಕನಿಷ್ಠವನ್ನು ಹಿಡಿದು ಎಳೆದೆ. 3,500ಕ್ಕೆ ಬಂತು.

ಇನ್ನೊಂದು ಕಡೆ 'ರೆಡಿ, ವಿಲ್ಲಿಂಗ್ ಅಂಡ್ ಏಬಲ್' ಅಂತಿತ್ತು. ಕೊಳ್ಳಲು ತಯಾರಾದ, ದುಡ್ಡಿರುವ ಗಿರಾಕಿಯನ್ನು ಏಜೆಂಟ್ ತಂದು ನಿಲ್ಲಿಸಿದರೆ, ಆಮೇಲೆ ನೀವು ಯಾವ ಕಾರಣಕ್ಕೆ ಹಿಂದೆ ಸರಿದರೂ ಫೀ ಕೊಡಬೇಕು ಅಂತ ಅರ್ಥ. ಸ್ವಂತ ಮನೆ ಮಾರುವವರು ಇದನ್ನು ನುಂಗಿಕೊಳ್ಳಬಹುದೇನೋ. ಲೀಸ್ ಮಾರುವವರಿಗೆ ಆಗೋದಿಲ್ಲ. ನಮ್ಮ ಮಾರಾಟ ನಮ್ಮ ಕೈಯಲ್ಲೇ ಇಲ್ಲ, ಕಟ್ಟಡದ ಮಾಲೀಕ ಒಪ್ಪಬೇಕು. ಅವನು ತಿಂಗಳುಗಟ್ಟಲೆ ಎಳೆದು ನಾವು ಸುಸ್ತಾಗಿ ಕೈಬಿಟ್ಟರೆ ಏಜೆಂಟ್‌ಗೆ ಫೀ ಯಾಕೆ? ಅದನ್ನು ಹೊಡೆದು ಹಾಕಿ, 'ಲೀಸ್ ವರ್ಗಾವಣೆ ಮುಗಿದ ದಿನ, ಬಂದ ಹಣದಲ್ಲಿ' ಅಂತ ಬರೆಸಿದೆ. ಮಾಲಿನ ಮೇಲೆ ಫೀ ಇಲ್ಲ ಅಂತಲೂ ಬರೆಸಿದೆ. ಹೋದ ವರ್ಷ ನಮಗೆ ನಾವಾಗಿ ಪರಿಚಯವಾದ ಮೂವರ ಹೆಸರು ಕೊಟ್ಟು, ಇವರು ಕೊಂಡರೆ ಫೀ ಇಲ್ಲ ಅಂತ ಸೇರಿಸಿದೆ. ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹಿಂದೆ ಯಾರೋ ನಿಮಗೆ ಚೆನ್ನಾಗಿ ಪಾಠ ಕಲಿಸಿದ್ದಾರೆ" ಅಂದರು.

ಜೂನ್‌ನಲ್ಲಿ ಪ್ರೆಸ್ಟನ್‌ನಿಂದ ಒಂದು ಶ್ರೀಲಂಕಾ ತಮಿಳು ದಂಪತಿ ಬಂದರು. ಇಬ್ಬರೂ ಬೇರೆಯವರ ಅಂಗಡಿಯಲ್ಲಿ ದುಡಿದವರು. ಬಂದ ತಕ್ಷಣ ಆಕೆ ನನ್ನನ್ನು 'ಅಕ್ಕ' ಅಂದಳು. ಅಂಗಡಿ ನೋಡಿದ್ದಕ್ಕಿಂತ ಜಾಸ್ತಿ ಮೇಲಿನ ಮನೆ ನೋಡಿದಳು. ಪ್ರೆಸ್ಟನ್‌ನಲ್ಲಿ ಬಾಡಿಗೆಗೆ ಹೋಗುತ್ತಿರುವ ದುಡ್ಡು ಉಳಿಯುತ್ತದೆ, ಮಗು ಮೇಲೆ ಮಲಗಿದ್ದಾಗ ಕೆಳಗೆ ಕೆಲಸ ಮಾಡಬಹುದು ಅನ್ನುವ ಲೆಕ್ಕ. ನಾನೂ 2009ರಲ್ಲಿ ಹಾಕಿದ್ದು ಅದೇ ಲೆಕ್ಕ. ಚಿಪ್ಸ್ ಕೋಣೆಯನ್ನು ನಾನೇ ತೋರಿಸಿ, ಇದು ಬೆಡ್‌ರೂಮ್ ಅಲ್ಲ ಅಂದೆ. 52,000ಕ್ಕೆ ಒಪ್ಪಿದೆವು.

ಆಮೇಲೆ ಮಾಲೀಕರ ಸರದಿ. ಒಪ್ಪಿಗೆ ಕೊಡುವ ಮೊದಲು ಅವರ ಕಡೆಯವರು ಬಂದು ಕಟ್ಟಡ ನೋಡಿದರು. ಸೂರಿನ ದೋಣಿ, ಅಂದರೆ ಮಳೆನೀರು ಹರಿದುಹೋಗುವ ಕಾಲುವೆ, ಸೋರುತ್ತಿದೆ, ಮೊದಲು ರಿಪೇರಿ ಅಂದರು. ಹೌದು, ಸೋರುತ್ತಿತ್ತು. ಕೆಲಸದವನು ಏಣಿ ಹತ್ತಿ ಅರ್ಧಕ್ಕೇ ಇಳಿದು ಬಂದ. ದೋಣಿಯೊಳಗೆ ಕಡಲಕಾಗೆ ಗೂಡು, ಗೂಡಿನಲ್ಲಿ ಮೂರು ಮರಿ. ಇಲ್ಲಿ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಮರಿ ಇರುವ ಗೂಡು ಮುಟ್ಟುವ ಹಾಗಿಲ್ಲ. ಐವತ್ತೆರಡು ಸಾವಿರದ ವ್ಯವಹಾರ ಮೂರು ಮರಿಗಳ ರೆಕ್ಕೆ ಬಲಿಯುವವರೆಗೆ ನಿಂತಿತು. ದಿನಾ ಬೆಳಗ್ಗೆ ಪೇಪರ್ ಕಟ್ಟು ಒಳಗೆ ತರುವಾಗ ನಮ್ಮವರು ತಲೆಯೆತ್ತಿ ನೋಡುವುದು, ತಾಯಿ ಹಕ್ಕಿ ಇವರ ತಲೆಗೆ ಎರಗುವುದು. ಆಗಸ್ಟ್ ಎರಡನೇ ವಾರ ಗೂಡು ಖಾಲಿಯಾಯಿತು. ದೋಣಿಗೆ 1,850 ಪೌಂಡ್.

ಮಾಲೀಕರ ಲಾಯರ್ ಫೀಯೂ ನಮ್ಮದೇ. ಅದಿರಲಿ ಅಂದುಕೊಂಡರೆ ಇನ್ನೊಂದು ಕಾಗದ ಬಂತು. ಹೊಸಬರು ಬಾಡಿಗೆ ಕಟ್ಟದಿದ್ದರೆ ನಾವು ಕಟ್ಟಿಕೊಡುತ್ತೇವೆ ಅನ್ನುವ ಜಾಮೀನು. ಅವರು ಇನ್ನೊಬ್ಬರಿಗೆ ಮಾಲೀಕರ ಒಪ್ಪಿಗೆಯಿಂದ ವರ್ಗ ಮಾಡುವವರೆಗೆ, ಇಲ್ಲವೇ ಲೀಸ್ ಮುಗಿಯುವವರೆಗೆ. ಮಾರಿದ ಮೇಲೂ ಬಿಡುಗಡೆ ಇಲ್ಲ ಅಂತ ಆಯಿತು. ನಮ್ಮ ಲೀಸಿನಲ್ಲೇ ಆ ಷರತ್ತು ಇತ್ತು, 2009ರಲ್ಲಿ ನಾವೇ ಸಹಿ ಹಾಕಿದ್ದು.

ಅಷ್ಟರಲ್ಲಿ ಮೊದಲ ಏಜೆಂಟ್‌ನಿಂದ ಒಂದು ಪತ್ರ. ನಿಮ್ಮ ಗಿರಾಕಿ ಹೋದ ವರ್ಷ ನಮ್ಮ ವೆಬ್‌ಸೈಟಿನಲ್ಲಿ ನೋಂದಾಯಿಸಿಕೊಂಡಿದ್ದರು, ನಾವು ಬ್ರೋಷರ್ ಕಳಿಸಿದ್ದೇವೆ, 6,000 ಪೌಂಡ್ ಮತ್ತು ವ್ಯಾಟ್ ಕೊಡಿ. ಯಾರು ಕೊಳ್ಳುತ್ತಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ. ನನ್ನ ಎದೆ ಧಸಕ್ ಅಂತು. ತಮಿಳು ಹುಡುಗಿಗೆ ಫೋನ್ ಮಾಡಿದೆ. ಅವಳು ಹಳೆಯ ಇಮೇಲ್ ಹುಡುಕಿ ತೆಗೆದಳು. ನಿಜ, ಬಂದಿತ್ತು, ಬೇರೆ ಐವತ್ತು ಅಂಗಡಿಗಳ ಪಟ್ಟಿಯ ಜೊತೆ. ಅದೇ ಫ್ರೀಹೋಲ್ಡ್ ಅಂತ ತಪ್ಪಾಗಿ ಹಾಕಿದ್ದ ವಾರದಲ್ಲಿ!

ನಮ್ಮ ಲಾಯರ್ ಎರಡು ಪತ್ರ ಬರೆದರು. ಈ ಗಿರಾಕಿಯನ್ನು ನಮಗೆ ಯಾವಾಗ, ಹೇಗೆ ಪರಿಚಯಿಸಿದಿರಿ, ಇವರ ಜೊತೆ ಯಾವ ಮಾತುಕತೆ ಮಾಡಿದಿರಿ, ದಾಖಲೆ ಕೊಡಿ. ನೀವು ಕಳಿಸಿದ್ದು ಮಾರಾಟಕ್ಕೇ ಇಲ್ಲದ ಫ್ರೀಹೋಲ್ಡ್‌ನ ವಿವರ. ಇನ್ನು ಆ ಸೋಲ್ ಸೆಲ್ಲಿಂಗ್ ರೈಟ್ಸ್ ವಿವರಣೆಯನ್ನು ಒಪ್ಪಂದದ ಉಳಿದ ಬರಹಕ್ಕಿಂತ ಕಣ್ಣಿಗೆ ಬೀಳದ ಹಾಗೆ ಅಚ್ಚು ಹಾಕಿದ್ದೀರಿ, 1991ರ ನಿಯಮ ಅದನ್ನು ಒಪ್ಪುವುದಿಲ್ಲ. ಲಾಯರ್ ಆರನೇ ಪುಟದವರೆಗೆ ಸ್ಕೇಲ್ ಹಿಡಿದು ಅಕ್ಷರದ ಎತ್ತರ ಅಳೆದಿದ್ದರು ಅಂದರೆ ನಂಬುತ್ತೀರಾ? ಮೊದಲ ಪತ್ರಕ್ಕೆ ಬೆದರಿಕೆಯ ಉತ್ತರ ಬಂತು. ಎರಡನೆಯದಕ್ಕೆ ಬರಲೇ ಇಲ್ಲ. ನಮಗೆ ಖರ್ಚು 360 ಪೌಂಡ್, ಆರು ವಾರದ ನಿದ್ದೆ.

ಕೊನೆಗೆ ಲಾಯರುಗಳು ಅಕ್ಟೋಬರ್ 13, ಶುಕ್ರವಾರ ಅಂತ ದಿನ ಇಟ್ಟರು. ಸಾಗರದಿಂದ ಅತ್ತೆಯ ಫೋನು. "ಮಾರನೇ ದಿನ ಮಹಾಲಯ ಅಮಾವಾಸ್ಯೆ. ಪಿತೃಪಕ್ಷದಲ್ಲಿ ಯಾರಾದ್ರೂ ಅಂಗಡಿ ಕೈ ಬದಲಾಯಿಸ್ತಾರಾ? ನಿಮಗೆ ಅಲ್ಲಿ ಪಂಚಾಂಗ ಇಲ್ವಾ?" ಅಂದರು. ನಾನು ಹಿಂಜರಿಯುತ್ತಲೇ ತಮಿಳು ಹುಡುಗಿಗೆ ಹೇಳಿದೆ. ಅವಳ ಅಮ್ಮನೂ ಅದನ್ನೇ ಹೇಳಿದ್ದರಂತೆ, ನಮಗೆ ಹೇಳಲು ಸಂಕೋಚಪಟ್ಟು ಸುಮ್ನಿದ್ದಳು. ನಮ್ಮ ಲಾಯರ್‌ಗೆ ಹೇಳಿದರೆ, 'ಓ, ಶುಕ್ರವಾರ ಹದಿಮೂರು, ಅರ್ಥವಾಯಿತು' ಅಂದರು. ನಾವು ತಿದ್ದಲು ಹೋಗಲಿಲ್ಲ. ಸೋಮವಾರ 16ಕ್ಕೆ ಹಾಕಿದರು. ನವರಾತ್ರಿಯ ಎರಡನೇ ದಿನ.

ಮಾಲು ಎಣಿಸಲು ಒಬ್ಬ ಸ್ಟಾಕ್‌ಟೇಕರ್ ಬಂದ. ಅವನ ಫೀ ಎರಡೂ ಕಡೆಯವರು ಅರ್ಧರ್ಧ. ಭಾನುವಾರ ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿದೆವು, 14 ವರ್ಷದಲ್ಲಿ ಕ್ರಿಸ್‌ಮಸ್ ಬಿಟ್ಟರೆ ಅಷ್ಟು ಬೇಗ ಹಾಕಿದ್ದೇ ಇಲ್ಲ. ಆತ ಸೊಂಟಕ್ಕೆ ಒಂದು ಯಂತ್ರ ಕಟ್ಟಿಕೊಂಡು, ಕಪಾಟಿನ ಮುಂದೆ ನಿಂತು, ತುಟಿ ಅಲ್ಲಾಡಿಸದೆ ಎಣಿಸುತ್ತಾ ಹೋದ. ಬೆರಳು ಮಾತ್ರ ಓಡುತ್ತಿತ್ತು. ಕಾರ್ಡ್ ಸ್ಟ್ಯಾಂಡಿನ ಹತ್ತಿರ ನಿಂತ. 2014ರ ಒಂದು ಕಾರ್ಡ್ ಎತ್ತಿ, ಧೂಳು ಊದಿ, ನನ್ನ ಕಡೆ ನೋಡಿ ಪಕ್ಕಕ್ಕಿಟ್ಟ. ಅಂಥವು ನೂರಕ್ಕೂ ಹೆಚ್ಚು ಪಕ್ಕಕ್ಕೆ ಹೋದವು. ಹೆಚ್ಚಿನವು 'ನಿಮ್ಮ ದುಃಖದಲ್ಲಿ ನಾವೂ ಭಾಗಿ' ಅನ್ನುವ ಕಾರ್ಡುಗಳು. ಒಟ್ಟು ಮಾಲು 14,600 ಪೌಂಡ್ ಅಂತ ಬಂತು.

ಮಾರನೇ ದಿನ ಹಣ ಬಂತು ಅಂತ ಫೋನ್ ಬರುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡೂವರೆ. ಮನೆಯೂ ಅದೇ ಕ್ಷಣಕ್ಕೆ ಕೈಬಿಟ್ಟಂತೆ ಅಲ್ವಾ? ಬೇರೆಯವರು ಅಂಗಡಿ ಮಾರಿದ ದಿನ ಮನೆಗೆ ಹೋಗಿ ಮಲಗುತ್ತಾರೆ. ನಮ್ಮ ಹಾಸಿಗೆ ಆಗಲೇ ವ್ಯಾನಿನಲ್ಲಿತ್ತು. ದೇವರ ಫೋಟೋ ಮತ್ತು ಕಾಫಿ ಫಿಲ್ಟರ್ ಮಾತ್ರ ನನ್ನ ಮಡಿಲಲ್ಲಿ.

ಎರಡನೇ ಏಜೆಂಟ್‌ಗೆ ಹೋಗಿದ್ದು 3,500 ಮತ್ತು ವ್ಯಾಟ್ 700, ಒಟ್ಟು 4,200. ಲಾಯರ್ ಬಂದ ಹಣದಿಂದಲೇ ಮುರಿದುಕೊಟ್ಟರು. 5 ಪರ್ಸೆಂಟ್ ಅಂತ ಬರೆದಿದ್ದು ಲೆಕ್ಕ ಹಾಕಿದರೆ ಆರೂಮುಕ್ಕಾಲರ ಹತ್ತಿರ. ಅದೇ ಬೆಲೆಗೆ ಮೊದಲ ಏಜೆಂಟ್ ಮಾರಿದ್ದರೆ, ಮಾಲೂ ಸೇರಿ 66,600ರ ಹತ್ತು ಪರ್ಸೆಂಟ್ 6,660, ವ್ಯಾಟ್ ಸೇರಿ 7,992. ಆ 900 ಬೇರೆ. ನಾವು ವ್ಯಾಟ್‌ಗೆ ನೋಂದಾಯಿಸಿದವರು, ಆದ್ದರಿಂದ ಅಕೌಂಟೆಂಟ್ ಏಜೆಂಟ್ ಫೀಯ ವ್ಯಾಟ್‌ನಲ್ಲಿ ಮನೆಯ ಪಾಲು ಬಿಟ್ಟು ಉಳಿದದ್ದನ್ನು ಕೊನೆಯ ರಿಟರ್ನ್‌ನಲ್ಲಿ ವಾಪಸ್ ಕೇಳಿದರು. ಬಂತು. ಇದನ್ನು ಯಾವ ಏಜೆಂಟೂ ಹೇಳಿರಲಿಲ್ಲ.

ಈಗ ಲೀಡ್ಸ್‌ನಲ್ಲಿ ಮಗನ ಮನೆ ಹತ್ತಿರ ಇದ್ದೇವೆ. ನಾಲ್ಕೂವರೆಗೆ ಎಚ್ಚರವಾಗುವುದು ತಪ್ಪಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಅಂಗಡಿ ಲೀಸಿನ ಬಾಡಿಗೆ ಕಟ್ಟುವ ರೂಢಿಯ ದಿನಗಳು ವರ್ಷಕ್ಕೆ ನಾಲ್ಕು. ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಆ ಜಾಮೀನು 2029ರವರೆಗೆ ನಮ್ಮ ಕುತ್ತಿಗೆಗಿದೆಯಲ್ಲ, ಹಾಗಾಗಿ ಆ ನಾಲ್ಕು ದಿನ ತಮಿಳು ಹುಡುಗಿಗೆ ಒಂದು ವಾಟ್ಸಾಪ್ ಹಾಕುತ್ತೇನೆ. ಕೇಳುವುದು ಮಗುವಿನ ಬಗ್ಗೆ. ಅವಳೂ ಜಾಣೆ. 'ಮಗು ಚೆನ್ನಾಗಿದೆ ಅಕ್ಕ, ಬಾಡಿಗೆ ಕಟ್ಟಿದೆ' ಅಂತ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾಳೆ. ಹೋದ ಜೂನ್‌ನಲ್ಲಿ ಜೊತೆಗೆ ಒಂದು ಫೋಟೋ ಇತ್ತು. ಸೂರಿನ ದೋಣಿ, ಅದರಲ್ಲಿ ಗೂಡು, ಗೂಡಿನಿಂದ ಇಣುಕುವ ಎರಡು ಕೊಕ್ಕು.